ದಮ್ಮಿನ ರೋಗಿಯ ಔಷಧ ಚೀಟಿ: ಯಾವುದನ್ನು ಬಿಡಿಸಬೇಕು, ಯಾವುದನ್ನು ಬಿಡಬಾರದು

ಹಲವು ವರ್ಷಗಳಿಂದ ದಮ್ಮು, ಕೆಮ್ಮು ಎಂದು ಆಸ್ಪತ್ರೆಗೆ ಅಲೆಯುತ್ತಿರುವ, ಅರವತ್ತು ದಾಟಿದ ರೋಗಿಯ ಔಷಧ ಚೀಟಿ ನಮ್ಮ ಊರುಗಳಲ್ಲಿ ಹೆಚ್ಚು ಕಡಿಮೆ ಒಂದೇ ತೆರನಾಗಿರುತ್ತದೆ. ಒಂದೋ ಎರಡೋ ಇನ್ಹೇಲರ್, ಬೆಳಿಗ್ಗೆ ರಾತ್ರಿ ಥಿಯೊಫಿಲಿನ್ ಮಾತ್ರೆ, ಮಲಗುವ ಮುಂಚೆ ಮಾಂಟೆಲುಕಾಸ್ಟ್ ಮತ್ತು ಲೆವೊಸೆಟಿರಿಜಿನ್ ಸೇರಿದ ಮಾತ್ರೆ, ಕಫ ಕರಗಿಸುವ ಸಿರಪ್, ಹೊಟ್ಟೆಯುರಿಗೆ ಪ್ಯಾಂಟೊಪ್ರಜೋಲ್, ಉಸಿರು ಕಟ್ಟಿದ ದಿನಗಳಿಗೆಂದು ಸ್ಟೀರಾಯ್ಡ್ ಮಾತ್ರೆ. ಇವುಗಳ ಜೊತೆಗೆ ಬಿಪಿ, ಶುಗರ್, ಹೃದಯದ ಮಾತ್ರೆಗಳು. ನಿತ್ಯ ಐದು ಅಥವಾ ಅದಕ್ಕಿಂತ ಹೆಚ್ಚು ಔಷಧ ಸೇವಿಸುವುದನ್ನು ವೈದ್ಯಲೋಕ ಸಾಮಾನ್ಯವಾಗಿ ಬಹುಔಷಧ ಬಳಕೆ ಎಂದು ಲೆಕ್ಕ ಹಿಡಿಯುತ್ತದೆ. ಈ ರೋಗಿ ಆ ಗೆರೆಯನ್ನು ಎಂದೋ ದಾಟಿರುತ್ತಾರೆ. ಪ್ರತಿಯೊಂದನ್ನೂ ಯಾರೋ ಒಬ್ಬ ವೈದ್ಯರು ಯಾವುದೋ ಒಂದು ಕಾರಣಕ್ಕೆ ಬರೆದಿದ್ದಾರೆ. ಆದರೆ ಅದನ್ನು ಯಾವಾಗ ನಿಲ್ಲಿಸಬೇಕು ಎಂಬುದನ್ನು ಯಾರೂ ಬರೆದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಔಷಧಗಳಿಂದಾಗುವ ಹಾನಿ ತಡೆಯಲು ಜಾಗತಿಕ ಕಾರ್ಯಕ್ರಮವೊಂದನ್ನು ಆರಂಭಿಸಿದಾಗ ಆದ್ಯತೆಗೆ ಆರಿಸಿಕೊಂಡ ಮೂರು ಕ್ಷೇತ್ರಗಳಲ್ಲಿ ಬಹುಔಷಧ ಬಳಕೆಯೂ ಒಂದಾಗಿತ್ತು. ಅಂದಿನಿಂದ ಔಷಧಗಳ ಮರುಪರಿಶೀಲನೆ ಮತ್ತು ಕಡಿತದ ಮಾತು ಜಗತ್ತಿನೆಲ್ಲೆಡೆ ಕೇಳಿಬರುತ್ತಿದೆ. ಉಸಿರಾಟದ ಕಾಯಿಲೆಗಳ ಮಟ್ಟಿಗೆ ಈ ಮಾತಿಗೆ ಎಷ್ಟು ಆಧಾರವಿದೆ, ನಮ್ಮಲ್ಲಿ ಅದನ್ನು ಹೇಗೆ ಅನ್ವಯಿಸಬೇಕು ಎಂಬುದು ಇಲ್ಲಿನ ಪ್ರಶ್ನೆ.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಮಾತ್ರೆಗಳ ಸಂಖ್ಯೆಯನ್ನು ಹಿಡಿದು ಹೊರಟರೆ ಈ ಪ್ರಶ್ನೆ ದಾರಿ ತಪ್ಪುತ್ತದೆ. ಶ್ವಾಸಕೋಶದ ಕಾಯಿಲೆಯಲ್ಲಿ ಒಂದೇ ಔಷಧ ಒಬ್ಬರಿಗೆ ಪ್ರಾಣರಕ್ಷಕ, ಇನ್ನೊಬ್ಬರಿಗೆ ನ್ಯುಮೋನಿಯಾದ ದಾರಿ. ಆದ್ದರಿಂದ ಕಡಿಮೆ ಮಾಡುವುದೂ ಒಂದು ಚಿಕಿತ್ಸೆಯೇ. ಔಷಧ ಶುರುಮಾಡುವಾಗ ಬೇಕಾದ ರೋಗನಿರ್ಣಯ, ಪುರಾವೆ, ಪ್ರಮಾಣ, ಕಾಲಾವಧಿ, ಮರುಭೇಟಿಯ ದಿನಾಂಕ ಇವೆಲ್ಲವೂ ಅದನ್ನು ನಿಲ್ಲಿಸುವಾಗಲೂ ಬೇಕು. ನಮ್ಮಲ್ಲಿ ಇಂದು ನಡೆಯುತ್ತಿರುವುದು ಇದಕ್ಕೆ ತದ್ವಿರುದ್ಧ. ಪಂಪು ಅಭ್ಯಾಸವಾಗಿಬಿಡುತ್ತದೆ ಎಂಬ ಭಯದಿಂದ ರೋಗಿ ಮೊದಲು ಕೈಬಿಡುವುದು ಇನ್ಹೇಲರನ್ನು. ಕೊನೆಯವರೆಗೂ ಹಿಡಿದುಕೊಳ್ಳುವುದು ಮಾತ್ರೆ ಮತ್ತು ಸಿರಪ್ಪನ್ನು. ಪುರಾವೆ ಹೇಳುವುದು ಬಹುಮಟ್ಟಿಗೆ ಇದರ ತಿರುಗುಮುರುಗನ್ನು.

ಯಾವ ಮರುಪರಿಶೀಲನೆಯೂ ರೋಗನಿರ್ಣಯದಿಂದ ಶುರುವಾಗಬೇಕು, ಏಕೆಂದರೆ ಎಷ್ಟೋ ಸಲ ತಪ್ಪಿರುವುದೇ ಅಲ್ಲಿ. ಕೆನಡಾದಲ್ಲಿ ಹಿಂದಿನ ಐದು ವರ್ಷಗಳೊಳಗೆ ವೈದ್ಯರಿಂದ ಅಸ್ತಮಾ ಎಂದು ಹೇಳಿಸಿಕೊಂಡಿದ್ದ 613 ವಯಸ್ಕರನ್ನು ಯಂತ್ರಕ್ಕೆ ಊದಿಸಿ ನೋಡುವ ಸ್ಪೈರೋಮೆಟ್ರಿ ಮತ್ತಿತರ ಪರೀಕ್ಷೆಗಳಿಗೆ ಒಳಪಡಿಸಿ, ಹಂತಹಂತವಾಗಿ ಔಷಧ ಕಡಿಮೆ ಮಾಡುತ್ತ ನೋಡಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಅವರಲ್ಲಿ ಮೂರನೇ ಒಂದು ಭಾಗದಷ್ಟು ಜನರಿಗೆ ಆಗ ಅಸ್ತಮಾ ಇರಲೇ ಇಲ್ಲ. ಕೆಲವರಿಗೆ ಅದು ತಾನಾಗಿ ಶಮನವಾಗಿತ್ತು, ಕೆಲವರಿಗೆ ಮೊದಲೂ ಇದ್ದಂತಿರಲಿಲ್ಲ, ಕೆಲವರಿಗೆ ಹೃದಯದ ಗಂಭೀರ ತೊಂದರೆ ಅಸ್ತಮಾದ ಹೆಸರಿನಲ್ಲಿ ಅಡಗಿ ಕುಳಿತಿತ್ತು. ಇವರಲ್ಲಿ ಬಹುತೇಕರು ಅಸ್ತಮಾ ಔಷಧವಿಲ್ಲದೆ ಮುಂದಿನ ಒಂದು ವರ್ಷ ಕಳೆದರು. ಸ್ಪೈರೋಮೆಟ್ರಿ ಸುಲಭವಾಗಿ ಸಿಗುವ ದೇಶದ ಸ್ಥಿತಿಯೇ ಹೀಗಾದರೆ, ಊದಿಸಿ ನೋಡುವ ಯಂತ್ರವನ್ನು ಕಣ್ಣಲ್ಲೂ ಕಾಣದೆ ಹತ್ತು ವರ್ಷ ಔಷಧ ನುಂಗುವ ನಮ್ಮ ರೋಗಿಗಳ ಗತಿಯೇನು ಎಂದು ಊಹಿಸುವುದು ಕಷ್ಟವಲ್ಲ. ಭಾರತದಲ್ಲಿ 2016ರ ಹೊತ್ತಿಗೆ ಸುಮಾರು ಐದೂವರೆ ಕೋಟಿ ಜನರಿಗೆ ಸಿಒಪಿಡಿ, ಅಂದರೆ ಶ್ವಾಸನಾಳಗಳು ಕಾಯಮ್ಮಾಗಿ ಕಿರಿದಾಗುವ ಕಾಯಿಲೆ, ಮತ್ತು ಸುಮಾರು 3.8 ಕೋಟಿ ಜನರಿಗೆ ಅಸ್ತಮಾ ಇತ್ತೆಂಬುದು ಜಾಗತಿಕ ರೋಗಭಾರ ಅಧ್ಯಯನದ ಅಂದಾಜು. ಜಗತ್ತಿನ ಜನಸಂಖ್ಯೆಯಲ್ಲಿ ನಮ್ಮ ಪಾಲು ಶೇ 18. ದೀರ್ಘಕಾಲದ ಶ್ವಾಸರೋಗಗಳ ಹೊರೆಯಲ್ಲಿ ಶೇ 32. ಇಷ್ಟು ದೊಡ್ಡ ಸಮುದಾಯದಲ್ಲಿ ಅಸ್ತಮಾ ಯಾರಿಗೆ, ಸಿಒಪಿಡಿ ಯಾರಿಗೆ, ಹಳೆಯ ಕ್ಷಯ ಬಿಟ್ಟುಹೋದ ಗಾಯದಿಂದ ಏದುಸಿರು ಬರುವುದು ಯಾರಿಗೆ ಎಂಬ ವಿಂಗಡಣೆಯೇ ಆಗದಿದ್ದರೆ ಎಲ್ಲರಿಗೂ ಎಲ್ಲ ಔಷಧವನ್ನೂ ಕೊಡುವ ಪದ್ಧತಿ ಬೆಳೆಯದೆ ಇನ್ನೇನಾದೀತು? ನಮ್ಮಲ್ಲಿ ಸಿಒಪಿಡಿ ಎಂದರೆ ಬೀಡಿ ಸೇದುವ ಗಂಡಸು ಎಂಬ ಚಿತ್ರವೂ ಪೂರ್ತಿ ಸರಿಯಲ್ಲ. ಸೌದೆ ಒಲೆಯ ಹೊಗೆಗೂ ಹಳ್ಳಿ ಹೆಂಗಸರ ದೀರ್ಘಕಾಲದ ಕಫದ ಕೆಮ್ಮಿಗೂ ಇರುವ ನಂಟನ್ನು ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಸುತ್ತಲಿನ ಗ್ರಾಮಗಳಲ್ಲಿ ಅಧ್ಯಯನ ಮಾಡಿ ತೋರಿಸಿದ್ದಾರೆ. ಬೀಡಿ ಮುಟ್ಟದ ಹೆಂಗಸು ದಮ್ಮು ಎಂದು ಬಂದರೆ ಅಸ್ತಮಾ ಎಂದೇ ಬರೆದು ಕಳಿಸುವ ರೂಢಿ ಇರುವಲ್ಲಿ ಈ ಮಾಹಿತಿಗೆ ಬಹಳ ಬೆಲೆಯಿದೆ.

ಅಸ್ತಮಾ ಎಂದು ಖಚಿತವಾದವರ ವಿಷಯದಲ್ಲಿ ಪುರಾವೆ ಸ್ಪಷ್ಟ ಮತ್ತು ಕಠಿಣ. ಇಲ್ಲಿ ಉಳಿಯಬೇಕಾದದ್ದು ಇನ್ಹೇಲರ್ ಮೂಲಕ ಸೇದುವ ಸ್ಟೀರಾಯ್ಡ್. ಕೆನಡಾದ ಸಸ್ಕಾಚೆವನ್ ಪ್ರಾಂತ್ಯದ ದಾಖಲೆಗಳನ್ನು ಆಧರಿಸಿ 2000ದಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ವರ್ಷಕ್ಕೆ ಬಳಸುವ ಸ್ಟೀರಾಯ್ಡ್ ಇನ್ಹೇಲರ್ ಒಂದೊಂದು ಹೆಚ್ಚಾದಂತೆ ಅಸ್ತಮಾ ಸಾವಿನ ಪ್ರಮಾಣ ಶೇ 21ರಷ್ಟು ಇಳಿಯುತ್ತಿತ್ತು. ಅದನ್ನು ನಿಲ್ಲಿಸಿದ ಮೊದಲ ಮೂರು ತಿಂಗಳಲ್ಲಿ ಸಾವು ಹೆಚ್ಚುತ್ತಿತ್ತು. ತಕ್ಷಣ ಉಸಿರು ಬಿಡಿಸುವ ಇನ್ಹೇಲರನ್ನೇ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ನ್ಯೂಜಿಲೆಂಡಿನ ಇತಿಹಾಸ ಸಾಕ್ಷಿ. 1976ರಲ್ಲಿ ಅಲ್ಲಿ ಫೆನೊಟೆರಾಲ್ ಎಂಬ ತೀಕ್ಷ್ಣ ಔಷಧ ಮಾರುಕಟ್ಟೆಗೆ ಬಂದ ಬೆನ್ನಲ್ಲೇ ಅಸ್ತಮಾ ಸಾವುಗಳು ಏರಿದವು. ಸಂಶೋಧಕರು 1989ರಲ್ಲಿ ಎರಡರ ನಡುವಿನ ನಂಟನ್ನು ಮುಂದಿಟ್ಟರು, ಅದರ ಬಳಕೆಗೆ ಕಡಿವಾಣ ಬಿದ್ದಮೇಲೆ ಸಾವುಗಳು ಇಳಿದವು. ಬ್ರಿಟನ್ನಿನಲ್ಲಿ 195 ಅಸ್ತಮಾ ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿದ 2014ರ ವರದಿಯೂ ಇದೇ ಕಥೆ ಹೇಳುತ್ತದೆ: ಉಸಿರು ಬಿಡಿಸುವ ಪಂಪು ಅತಿ, ಉರಿಯೂತ ಇಳಿಸುವ ಪಂಪು ಕೊರತೆ. ಅಸ್ತಮಾ ಕುರಿತ ಜಾಗತಿಕ ಮಾರ್ಗಸೂಚಿಯಾದ ಜಿನಾ 2019ರಿಂದೀಚೆಗೆ ತಕ್ಷಣ ಉಸಿರು ಬಿಡಿಸುವ ಸಾಲ್ಬುಟಮಾಲ್ ಒಂದನ್ನೇ ನೆಚ್ಚುವ ಚಿಕಿತ್ಸೆಯನ್ನು ವಯಸ್ಕರಿಗೆ ಮತ್ತು ಹದಿಹರೆಯದವರಿಗೆ ಶಿಫಾರಸು ಮಾಡುತ್ತಿಲ್ಲ.

ಹಾಗಾದರೆ ಅಸ್ತಮಾದಲ್ಲಿ ಕಡಿತವೇ ಸಲ್ಲದೆ? ಸಲ್ಲುತ್ತದೆ, ಆದರೆ ಪ್ರಮಾಣದಲ್ಲಿ. ಸ್ಕಾಟ್ಲೆಂಡಿನಲ್ಲಿ ಹೆಚ್ಚು ಪ್ರಮಾಣದ ಸ್ಟೀರಾಯ್ಡ್ ಸೇದುತ್ತಿದ್ದ 259 ವಯಸ್ಕರಲ್ಲಿ ಪ್ರಮಾಣವನ್ನು ಅರ್ಧಕ್ಕಿಳಿಸಲು ಯತ್ನಿಸಿದ 2003ರ ಪ್ರಯೋಗದಲ್ಲಿ ಒಂದು ವರ್ಷದ ಬಳಿಕ ಉಲ್ಬಣದ ಪ್ರಮಾಣದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಅದೇ ಔಷಧವನ್ನು ಪೂರ್ತಿ ನಿಲ್ಲಿಸಿದವರನ್ನು ಮುಂದುವರಿಸಿದವರೊಡನೆ ಹೋಲಿಸಿದ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ನಿಲ್ಲಿಸಿದವರಲ್ಲಿ ಉಲ್ಬಣದ ಸಾಧ್ಯತೆ ಎರಡು ಪಟ್ಟಿಗೂ ಮಿಗಿಲು. ಇಳಿಸುವುದಕ್ಕೂ ನಿಲ್ಲಿಸುವುದಕ್ಕೂ ನಡುವೆ ಇರುವ ಈ ಅಂತರವೇ ಅಸ್ತಮಾ ಔಷಧ ಕಡಿತದ ಜೀವಾಳ. ಮೂರು ತಿಂಗಳು ರೋಗ ಹತೋಟಿಯಲ್ಲಿದ್ದರೆ ಕಾಲು ಭಾಗದಿಂದ ಅರ್ಧದಷ್ಟು ಪ್ರಮಾಣ ಇಳಿಸಿ ಮತ್ತೆ ಮೂರು ತಿಂಗಳು ನೋಡುವುದು ಈಗ ಒಪ್ಪಿತ ಕ್ರಮ. ಸೌಮ್ಯ ಅಸ್ತಮಾಕ್ಕೆ ಇನ್ನೂ ಒಂದು ದಾರಿ ತೆರೆದಿದೆ. ಸ್ಟೀರಾಯ್ಡ್ ಆದ ಬುಡೆಸೊನೈಡ್ ಮತ್ತು ಶ್ವಾಸನಾಳ ಹಿಗ್ಗಿಸುವ ಫಾರ್ಮೊಟೆರಾಲ್ ಎರಡೂ ಇರುವ ಒಂದೇ ಇನ್ಹೇಲರನ್ನು ತೊಂದರೆಯಾದಾಗ ಮಾತ್ರ ಬಳಸುವ ಕ್ರಮ 2018ರ ಸಿಗ್ಮಾ ಪ್ರಯೋಗಗಳಲ್ಲಿ ತೀವ್ರ ಉಲ್ಬಣಗಳನ್ನು ನಿತ್ಯದ ಸ್ಟೀರಾಯ್ಡಿನಷ್ಟೇ ತಡೆಯಿತು, ಅದೂ ಅದರ ಐದನೇ ಒಂದು ಭಾಗದಷ್ಟು ಸ್ಟೀರಾಯ್ಡಿನಲ್ಲಿ. ನಿತ್ಯದ ರೋಗಲಕ್ಷಣಗಳ ಹತೋಟಿಯಲ್ಲಿ ಅದು ಸ್ವಲ್ಪ ಹಿಂದೆ ಬಿದ್ದಿತು ಎಂಬುದನ್ನೂ ಹೇಳಬೇಕು. ಎರಡು ಪಂಪು ಒಂದಾಗುವ, ಒಟ್ಟು ಔಷಧ ಇಳಿಯುವ, ರಕ್ಷಣೆ ಮಾತ್ರ ಹೋಗದಿರುವ ಇಂಥ ಕಡಿತವೇ ನಮಗೆ ಬೇಕಾದದ್ದು.

ಸಿಒಪಿಡಿಗೆ ಬಂದರೆ ಚಿತ್ರ ಬದಲಾಗುತ್ತದೆ. ಅಸ್ತಮಾದಲ್ಲಿ ಗೆದ್ದ ಸೇದುವ ಸ್ಟೀರಾಯ್ಡನ್ನು ಇಲ್ಲಿಗೂ ತಂದು ದಶಕಗಳ ಕಾಲ ಬಹುತೇಕ ಎಲ್ಲರಿಗೂ ಕೊಡಲಾಯಿತು. ಆರು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಮೂರು ವರ್ಷ ಗಮನಿಸಿದ, 2007ರಲ್ಲಿ ಪ್ರಕಟವಾದ ಟಾರ್ಚ್ ಪ್ರಯೋಗದಲ್ಲಿ ಸ್ಟೀರಾಯ್ಡ್ ಇದ್ದ ಜೋಡಿ ಇನ್ಹೇಲರ್ ಬಳಸಿದವರಲ್ಲಿ ಶೇ 19.6 ಮಂದಿಗೆ ನ್ಯುಮೋನಿಯಾ ಬಂತು, ಔಷಧವಿಲ್ಲದ ಹುಸಿ ಇನ್ಹೇಲರ್ (ಪ್ಲಸಿಬೊ) ಪಡೆದವರಲ್ಲಿ ಶೇ 12.3. ಮರಣ ತಗ್ಗಿಸುತ್ತದೆಂಬ ನಿರೀಕ್ಷೆ ಮಾತ್ರ ಸಂಖ್ಯಾಶಾಸ್ತ್ರದ ಗೆರೆಯ ಈಚೆಯೇ ಉಳಿಯಿತು. ಅಲ್ಲಿಂದ ಮುಂದಿನ ಪ್ರಶ್ನೆ ಸಹಜವಾಗಿತ್ತು: ಈಗಾಗಲೇ ಬಳಸುತ್ತಿರುವವರಿಂದ ಅದನ್ನು ಬಿಡಿಸಬಹುದೆ? 2014ರ ವಿಸ್ಡಮ್ ಪ್ರಯೋಗ ತೀವ್ರ ಸಿಒಪಿಡಿ ಇದ್ದ 2,485 ರೋಗಿಗಳಲ್ಲಿ ಇದನ್ನು ನೇರವಾಗಿ ಪರೀಕ್ಷಿಸಿತು. ಶ್ವಾಸನಾಳ ಹಿಗ್ಗಿಸುವ ಎರಡು ದೀರ್ಘಾವಧಿ ಔಷಧಗಳನ್ನು ಉಳಿಸಿಕೊಂಡು, ಸ್ಟೀರಾಯ್ಡನ್ನು ಹನ್ನೆರಡು ವಾರಗಳಲ್ಲಿ ಹಂತಹಂತವಾಗಿ ಇಳಿಸಿ ನಿಲ್ಲಿಸಲಾಯಿತು. ಒಂದು ವರ್ಷದಲ್ಲಿ ಮಧ್ಯಮ ಮತ್ತು ತೀವ್ರ ಉಲ್ಬಣಗಳು ಹೆಚ್ಚಲಿಲ್ಲ; ಒಂದು ಸೆಕೆಂಡಿನಲ್ಲಿ ಊದುವ ಗಾಳಿಯ ಪ್ರಮಾಣ ಮಾತ್ರ ಸುಮಾರು 40 ಮಿಲಿಲೀಟರಿನಷ್ಟು ಕಡಿಮೆಯಾಯಿತು. ಇದು ರೋಗಿಗೆ ಅರಿವಾಗುವಷ್ಟು ದೊಡ್ಡ ಇಳಿತವಲ್ಲ, ಹಾಗೆಂದು ಇಲ್ಲವೆನ್ನುವಂಥದ್ದೂ ಅಲ್ಲ. 2018ರ ಸನ್‌ಸೆಟ್ ಪ್ರಯೋಗ ಪದೇಪದೇ ಉಲ್ಬಣಗೊಳ್ಳದ 1,053 ರೋಗಿಗಳಲ್ಲಿ ಸ್ಟೀರಾಯ್ಡನ್ನು ಒಮ್ಮೆಲೇ ನಿಲ್ಲಿಸಿ ಇದೇ ಬಗೆಯ ಫಲಿತಾಂಶ ಕಂಡಿತು. ಎರಡೂ ಪ್ರಯೋಗಗಳ ಒಳಗಿನಿಂದ ಒಂದು ಎಚ್ಚರಿಕೆ ಮಾತ್ರ ಒಂದೇ ದನಿಯಲ್ಲಿ ಬಂತು. ರಕ್ತದಲ್ಲಿ ಇಯೊಸಿನೊಫಿಲ್ ಎಂಬ ಬಿಳಿ ಕಣಗಳು ಒಂದು ಮೈಕ್ರೊಲೀಟರಿಗೆ 300 ಅಥವಾ ಹೆಚ್ಚಿದ್ದವರಲ್ಲಿ ಸ್ಟೀರಾಯ್ಡ್ ಬಿಡಿಸಿದಾಗ ತೊಂದರೆಯಾಗುವ ಸಾಧ್ಯತೆ ಹೆಚ್ಚು. ಯುರೋಪಿಯನ್ ರೆಸ್ಪಿರೇಟರಿ ಸೊಸೈಟಿಯ 2020ರ ಮಾರ್ಗಸೂಚಿ ಈ ಎರಡೂ ಅಂಶಗಳನ್ನು ಹೆಣೆದುಕೊಂಡಿದೆ: ಪದೇಪದೇ ಉಲ್ಬಣವಿಲ್ಲದವರಲ್ಲಿ ಬಿಡಿಸಲು ಯೋಚಿಸಿ, ಇಯೊಸಿನೊಫಿಲ್ 300 ಮುಟ್ಟಿದವರಲ್ಲಿ ಬಿಡಿಸಬೇಡಿ, ಬಿಡಿಸಿದವರಿಗೆ ಶ್ವಾಸನಾಳ ಹಿಗ್ಗಿಸುವ ದೀರ್ಘಾವಧಿ ಔಷಧ ತಪ್ಪಿಸಬೇಡಿ.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ. ಹತ್ತು ಸಾವಿರಕ್ಕೂ ಹೆಚ್ಚು ರೋಗಿಗಳ ಇಂಪ್ಯಾಕ್ಟ್ ಪ್ರಯೋಗ 2018ರಲ್ಲಿ, ಎಥೋಸ್ ಪ್ರಯೋಗ 2020ರಲ್ಲಿ, ಸ್ಟೀರಾಯ್ಡ್ ಸೇರಿದ ಮೂರು ಔಷಧಗಳ ಇನ್ಹೇಲರ್ ಉಲ್ಬಣಗಳನ್ನು ತಗ್ಗಿಸುತ್ತದೆ, ಸಾವನ್ನೂ ಕಡಿಮೆ ಮಾಡುವ ಸೂಚನೆಯಿದೆ ಎಂದು ತೋರಿಸಿದವು. ಹೀಗಿರುವಾಗ ಸ್ಟೀರಾಯ್ಡ್ ಬಿಡಿಸುವುದು ಸಾಹಸವಲ್ಲವೇ ಎಂದು ತಜ್ಞರೇ ಕೇಳುತ್ತಾರೆ. ಪ್ರಶ್ನೆ ಗಂಭೀರವಾದದ್ದು, ತಳ್ಳಿಹಾಕುವಂಥದ್ದಲ್ಲ. ಆದರೆ ಆ ಪ್ರಯೋಗಗಳಿಗೆ ಸೇರಿದವರು ಹಿಂದಿನ ವರ್ಷ ಉಲ್ಬಣ ಕಂಡವರು, ರೋಗಲಕ್ಷಣ ಹೆಚ್ಚಿದ್ದವರು. ಬಹುಪಾಲು ಜನ ಆಗಲೇ ಸ್ಟೀರಾಯ್ಡ್ ಸೇದುತ್ತಿದ್ದರು. ಸ್ಟೀರಾಯ್ಡ್ ಇಲ್ಲದ ಎರಡು ಔಷಧಗಳ ಗುಂಪಿಗೆ ಬಿದ್ದವರಿಗೆ ಅದು ದಿಢೀರನೆ ತಪ್ಪಿತು. ಅಂಥವರಿಂದ ಸ್ಟೀರಾಯ್ಡ್ ಕಿತ್ತುಕೊಳ್ಳಬಾರದು ಎಂಬುದಕ್ಕೆ ಈ ಪ್ರಯೋಗಗಳು ಒಳ್ಳೆಯ ಪುರಾವೆ. ವರ್ಷಗಟ್ಟಲೆ ಒಮ್ಮೆಯೂ ಉಲ್ಬಣಗೊಳ್ಳದ, ಇಯೊಸಿನೊಫಿಲ್ 100ಕ್ಕಿಂತ ಕಡಿಮೆ ಇರುವ, ನ್ಯುಮೋನಿಯಾ ಬಂದುಹೋದ ವೃದ್ಧರೂ ಅದನ್ನು ಸೇದುತ್ತಲೇ ಇರಬೇಕು ಎಂಬುದಕ್ಕೆ ಅಲ್ಲ. ಎರಡು ಬಗೆಯ ರೋಗಿಗಳ ಪುರಾವೆಯನ್ನು ಒಂದೇ ತಕ್ಕಡಿಯಲ್ಲಿ ತೂಗಿದಾಗಲೇ ಈ ವಿವಾದ ಹುಟ್ಟುವುದು.

ಇನ್ನೊಂದು ಆಕ್ಷೇಪ ನಮ್ಮ ನೆಲದ್ದು. ನನಗೆ ಹೆಚ್ಚು ಕಳವಳ ತರುವುದು ಅದೇ. ಈ ಪ್ರಯೋಗಗಳ ರೋಗಿಗಳು ಬಹುತೇಕ ಸಿಗರೇಟು ಸೇದಿ ಕಾಯಿಲೆ ತಂದುಕೊಂಡವರು. ಸೌದೆ ಹೊಗೆಯ ಸಿಒಪಿಡಿಗೆ ಈ ಫಲಿತಾಂಶ ಹಾಗೆಯೇ ಹೊಂದುತ್ತದೆ ಎನ್ನಲು ನಮ್ಮಲ್ಲಿ ಅಂಥ ದೊಡ್ಡ ಪ್ರಯೋಗಗಳ ಬಲವಿಲ್ಲ. ಮೇಲಾಗಿ 300 ಎಂಬ ಸಂಖ್ಯೆಯನ್ನು ನಮ್ಮಲ್ಲಿ ಕಣ್ಣುಮುಚ್ಚಿ ಬಳಸುವಂತಿಲ್ಲ. ಕರುಳಿನ ಜಂತುಹುಳು, ಫೈಲೇರಿಯಾ ಸಂಬಂಧಿತ ಇಯೊಸಿನೊಫಿಲಿಯಾ ಇರುವ ನಾಡಿನಲ್ಲಿ ಆ ಕಣಗಳು ಏರಲು ಶ್ವಾಸಕೋಶವೇ ಕಾರಣವಾಗಬೇಕಿಲ್ಲ. ಹುಳುವಿನಿಂದ ಏರಿದ ಸಂಖ್ಯೆ ನೋಡಿ ಬೇಡದ ಸ್ಟೀರಾಯ್ಡನ್ನು ಉಳಿಸುವ ತಪ್ಪು ಸಾಧ್ಯ. ಸ್ಟೀರಾಯ್ಡ್ ಮಾತ್ರೆ ನುಂಗಿದ ಮರುದಿನ ಇಳಿದ ಸಂಖ್ಯೆ ನೋಡಿ ಬೇಕಾದ ಸ್ಟೀರಾಯ್ಡನ್ನು ನಿಲ್ಲಿಸುವ ತಪ್ಪೂ ಸಾಧ್ಯ. ಇನ್ನೊಂದು ಪಕ್ಕದಲ್ಲಿ ಕ್ಷಯವಿದೆ. ಸೇದುವ ಸ್ಟೀರಾಯ್ಡ್ ಹೆಚ್ಚು ಪ್ರಮಾಣದಲ್ಲಿ ಕ್ಷಯದ ಅಪಾಯವನ್ನು ಏರಿಸುತ್ತದೆ ಎಂಬ ಸೂಚನೆಗಳಿದ್ದು, ಕ್ಷಯ ಇಷ್ಟು ವ್ಯಾಪಕವಾಗಿರುವ ದೇಶದಲ್ಲಿ ಬೇಡದವರಿಂದ ಅದನ್ನು ಬಿಡಿಸಲು ನಮಗೆ ಯುರೋಪಿಗಿಂತ ಹೆಚ್ಚಿನ ಕಾರಣವಿದೆ. ಆದ್ದರಿಂದ ಹೊರಗಿನ ಪುರಾವೆ ನಮಗೆ ಪೂರ್ತಿ ಒಗ್ಗದು ಎಂಬ ಆಕ್ಷೇಪದಿಂದ ಕಡಿತವನ್ನು ಕೈಬಿಡಬೇಕೆಂಬ ತೀರ್ಮಾನ ಹೊರಡುವುದಿಲ್ಲ. ಒಂದೇ ರಕ್ತಪರೀಕ್ಷೆಗೆ ಬದಲು ಎರಡು ಮೂರು ಸಲದ ಪರೀಕ್ಷೆ, ನಿಧಾನದ ಇಳಿಕೆ, ಬೇಗನೆಯ ಮರುಭೇಟಿ ಬೇಕೆಂಬ ತೀರ್ಮಾನ ಹೊರಡುತ್ತದೆ.

ಇಷ್ಟಾಗಿಯೂ ಸೇದುವ ಸ್ಟೀರಾಯ್ಡಿನ ಚರ್ಚೆ ಸೂಕ್ಷ್ಮಗಳ ಚರ್ಚೆ. ನಮ್ಮ ಚೀಟಿಗಳ ನಿಜವಾದ ಭಾರ ನುಂಗುವ ಔಷಧಗಳದ್ದು. ಥಿಯೊಫಿಲಿನ್ನನ್ನೇ ತೆಗೆದುಕೊಳ್ಳಿ. ಅಗ್ಗ, ಹಳೆಯದು, ಮಾತ್ರೆಯ ರೂಪದಲ್ಲಿ ಸಿಗುವುದರಿಂದ ರೋಗಿಗೂ ಇಷ್ಟ. ಆದರೆ ಅದು ಕೆಲಸ ಮಾಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ಬಹಳ ಕಡಿಮೆ. ವಾಂತಿ, ಎದೆ ಹೊಡೆದುಕೊಳ್ಳುವುದು, ಕೈ ನಡುಕ, ಕೊನೆಗೆ ಫಿಟ್ಸ್‌ವರೆಗೂ ಹೋಗಬಹುದು. ಯಕೃತ್ತು ಅಥವಾ ಹೃದಯ ದುರ್ಬಲವಾದರೆ ರಕ್ತದಲ್ಲಿ ಅದರ ಮಟ್ಟ ಏರುತ್ತದೆ. ಸಿಪ್ರೊಫ್ಲಾಕ್ಸಸಿನ್, ಎರಿತ್ರೊಮೈಸಿನ್ ಕೊಟ್ಟರೂ ಏರುತ್ತದೆ. ಬೀಡಿ ಸಿಗರೇಟಿನ ಹೊಗೆ ಯಕೃತ್ತಿನ ಕಿಣ್ವವನ್ನು ಚುರುಕಾಗಿಸಿ ಈ ಔಷಧವನ್ನು ಬೇಗ ಹೊರಹಾಕಿಸುತ್ತದೆ. ಹಾಗಾಗಿ ವೈದ್ಯರ ಮಾತು ಕೇಳಿ ಬೀಡಿ ಬಿಟ್ಟ ರೋಗಿಯಲ್ಲಿ, ಹಿಂದಿನಷ್ಟೇ ಮಾತ್ರೆ ನುಂಗಿದರೂ, ಮಟ್ಟ ಏರಿ ವಿಷಪರಿಣಾಮ ಕಾಣಬಹುದು. ಒಳ್ಳೆಯದನ್ನು ಮಾಡಿದ್ದಕ್ಕೆ ರೋಗಿಗೆ ಇಂಥ ಪ್ರತಿಫಲ ಸಿಗಬಾರದು. ರಕ್ತದ ಮಟ್ಟ ಅಳೆಯುವ ಸೌಲಭ್ಯ ತಾಲ್ಲೂಕು ಮಟ್ಟದಲ್ಲಿ ಸುಲಭವಾಗಿ ಸಿಗದು. ಇಷ್ಟು ಅಪಾಯಕ್ಕೆ ತಕ್ಕ ಲಾಭವಾದರೂ ಇದೆಯೇ? ಬ್ರಿಟನ್ನಿನಲ್ಲಿ ಸಾವಿರದ ಐನೂರಕ್ಕೂ ಹೆಚ್ಚು ಸಿಒಪಿಡಿ ರೋಗಿಗಳಲ್ಲಿ, ಸೇದುವ ಸ್ಟೀರಾಯ್ಡಿನ ಜೊತೆಗೆ ಕಡಿಮೆ ಪ್ರಮಾಣದ ಥಿಯೊಫಿಲಿನ್ ಕೊಟ್ಟು ನೋಡಿದ 2018ರ ಪ್ರಯೋಗದಲ್ಲಿ ಉಲ್ಬಣಗಳು ಕಡಿಮೆಯಾಗಲಿಲ್ಲ. ವೃದ್ಧರಿಗೆ ಹೊಂದದ ಔಷಧಗಳನ್ನು ಗುರುತಿಸಲು ಐರ್ಲೆಂಡಿನ ವೈದ್ಯರು 2008ರಲ್ಲಿ ರೂಪಿಸಿದ ಸ್ಟಾಪ್ ಪಟ್ಟಿಯಲ್ಲಿ ಸಿಒಪಿಡಿಗೆ ಥಿಯೊಫಿಲಿನ್ ಒಂದನ್ನೇ ಕೊಡುವುದು ಹೆಸರು ಹಿಡಿದು ಸೇರಿದೆ. ಇನ್ಹೇಲರ್ ಕೊಳ್ಳಲಾಗದವರಿಗೆ ಬೇರೇನಿದೆ ಎಂಬುದು ನಿಜವಾದ ಪ್ರಶ್ನೆ. ಅದಕ್ಕೆ ಉತ್ತರ ಸರ್ಕಾರಿ ಆಸ್ಪತ್ರೆಯಲ್ಲಿ ಇನ್ಹೇಲರ್ ತಪ್ಪದೆ ಸಿಗುವಂತೆ ಮಾಡುವುದು. ಇನ್ಹೇಲರ್ ಸರಿಯಾಗಿ ಸಿಗುತ್ತಿರುವವರ ಚೀಟಿಯಲ್ಲೂ ಥಿಯೊಫಿಲಿನ್ ಉಳಿದಿರುವುದಕ್ಕೆ ಬಡತನ ಕಾರಣವಲ್ಲ, ಹಳೆಯ ರೂಢಿ ಕಾರಣ.

ಮಾಂಟೆಲುಕಾಸ್ಟಿನ ಕಥೆಯೂ ಹೀಗೆಯೇ. ಅಲರ್ಜಿಯ ಮೂಗು ಮತ್ತು ಅಸ್ತಮಾ ಎರಡೂ ಇರುವ ಕೆಲವರಿಗೆ ಅದರಿಂದ ಉಪಯೋಗವಿದೆ. ಸಿಒಪಿಡಿಯಲ್ಲಿ ಅದಕ್ಕೆ ಸ್ಥಾಪಿತ ಸ್ಥಾನವಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರ ಮಾರ್ಚ್‌ನಲ್ಲಿ ಅದರ ಮೇಲೆ ಅತಿ ಗಂಭೀರ ದರ್ಜೆಯ ಎಚ್ಚರಿಕೆ ಅಚ್ಚು ಹಾಕಿಸಿತು: ಮನಸ್ಸಿನ ಕಳವಳ, ದುಃಸ್ವಪ್ನ, ಖಿನ್ನತೆ, ಆತ್ಮಹತ್ಯೆಯ ಯೋಚನೆ ಬರಬಹುದು, ಸೌಮ್ಯ ಅಲರ್ಜಿಗೆ ಇದನ್ನು ಮೊದಲ ಆಯ್ಕೆ ಮಾಡಿಕೊಳ್ಳಬೇಡಿ ಎಂದು. ನಮ್ಮಲ್ಲಿ ನೆಗಡಿಗೂ ಇದನ್ನು ಬರೆದು, ತಿಂಗಳುಗಟ್ಟಲೆ ನುಂಗಿಸುವುದು ನಿಂತಿಲ್ಲ. ಸಿರಪ್ಪುಗಳ ವಿಷಯದಲ್ಲಿ ಸರ್ಕಾರವೇ ಹೆಜ್ಜೆ ಇಡಬೇಕಾಯಿತು. ಕೇಂದ್ರ ಆರೋಗ್ಯ ಸಚಿವಾಲಯ 2023ರ ಜೂನ್‌ನಲ್ಲಿ ಚಿಕಿತ್ಸೆಯ ಸಮರ್ಥನೆಯಿಲ್ಲವೆಂದು ನಿಷೇಧಿಸಿದ 14 ಸಂಯುಕ್ತ ಔಷಧಗಳಲ್ಲಿ ಬಹುಪಾಲು ಕೆಮ್ಮು ಕಫಕ್ಕೆ ಸಂಬಂಧಿಸಿದವು; ಸಾಲ್ಬುಟಮಾಲ್ ಮತ್ತು ಬ್ರೋಮ್‌ಹೆಕ್ಸಿನ್ ಜೋಡಿ ಅವುಗಳಲ್ಲೊಂದು. ಒಂದೇ ಬಾಟಲಿಯಲ್ಲಿ ಮೂರು ನಾಲ್ಕು ಔಷಧ ಬೆರೆಸುವುದರಿಂದ ಕಡಿತ ಇನ್ನಷ್ಟು ಕಷ್ಟವಾಗುತ್ತದೆ: ಯಾವುದರಿಂದ ಗುಣ, ಯಾವುದರಿಂದ ಮಂಪರು, ಯಾವುದರಿಂದ ಎದೆಬಡಿತ ಎಂದು ತಿಳಿಯುವುದಿಲ್ಲ, ಒಂದನ್ನು ಮಾತ್ರ ತೆಗೆಯಲೂ ಆಗುವುದಿಲ್ಲ. ಬ್ರಾಂಡ್ ಹೆಸರುಗಳ ಕಾಡಿನಲ್ಲಿ ಇಬ್ಬರು ವೈದ್ಯರು ಬರೆದ ಎರಡು ಹೆಸರಿನ ಮಾತ್ರೆ ಒಂದೇ ಔಷಧವಾಗಿರುವುದೂ ಅಪರೂಪವಲ್ಲ.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಸ್ಟೀರಾಯ್ಡ್ ಮಾತ್ರೆಯಲ್ಲಿ. ಉಲ್ಬಣದ ಸಮಯದಲ್ಲಿ ಅದು ಪ್ರಾಣ ಉಳಿಸುತ್ತದೆ, ಆದರೆ ಬಹಳ ದಿನ ಬೇಕಿಲ್ಲ. ಸಿಒಪಿಡಿ ಉಲ್ಬಣಗೊಂಡವರಿಗೆ ದಿನಕ್ಕೆ 40 ಮಿಲಿಗ್ರಾಂ ಪ್ರೆಡ್ನಿಸೋನನ್ನು ಐದು ದಿನ ಕೊಟ್ಟರೂ ಹದಿನಾಲ್ಕು ದಿನ ಕೊಟ್ಟರೂ ಮುಂದಿನ ಆರು ತಿಂಗಳ ಫಲಿತಾಂಶ ಒಂದೇ ಎಂದು ಸ್ವಿಟ್ಜರ್ಲೆಂಡಿನ 2013ರ ಪ್ರಯೋಗ ತೋರಿಸಿತು. ಐದು ದಿನಕ್ಕೆ ಬರೆದ ಚೀಟಿಯನ್ನೇ ಔಷಧ ಅಂಗಡಿಯಲ್ಲಿ ಮತ್ತೆ ಮತ್ತೆ ತೋರಿಸಿ ವರ್ಷಗಟ್ಟಲೆ ನುಂಗುವವರಿದ್ದಾರೆ. ಮುಖ ಊದುವುದು, ಸಕ್ಕರೆ ಏರುವುದು, ಮೂಳೆ ಟೊಳ್ಳಾಗುವುದು, ಕಣ್ಣಿನ ಪೊರೆ, ಕ್ಷಯ ಮರುಕಳಿಸುವುದು ಇದರ ಬೆಲೆ. ಇಷ್ಟು ಕೆಟ್ಟದ್ದೆಂದು ತಿಳಿದ ಕೂಡಲೇ ನಿಲ್ಲಿಸಿದರೆ ಇನ್ನೊಂದು ಅಪಾಯ. ಬಹುಕಾಲ ಹೊರಗಿನ ಸ್ಟೀರಾಯ್ಡಿಗೆ ಒಗ್ಗಿದ ದೇಹದ ಅಡ್ರಿನಲ್ ಗ್ರಂಥಿ ತನ್ನ ಕೆಲಸ ಮರೆತಿರುತ್ತದೆ. ಹಠಾತ್ತನೆ ನಿಲ್ಲಿಸಿದರೆ ರಕ್ತದೊತ್ತಡ ಕುಸಿದು ಸಾವೂ ಸಂಭವಿಸಬಹುದು. ತೀವ್ರ ಅಸ್ತಮಾಕ್ಕೆ ಬೆನ್ರಲಿಜುಮ್ಯಾಬ್ ಎಂಬ ಚುಚ್ಚುಮದ್ದು ಕೊಟ್ಟು, ಗ್ರಂಥಿಯ ಸ್ಥಿತಿ ಪರೀಕ್ಷಿಸುತ್ತ ಮಾತ್ರೆಯನ್ನು ಇಳಿಸಿದ ಪೊನೆಂಟೆ ಅಧ್ಯಯನದಲ್ಲಿ 598 ರೋಗಿಗಳ ಪೈಕಿ ಶೇ 60ಕ್ಕೂ ಹೆಚ್ಚು ಮಂದಿ ಸ್ಟೀರಾಯ್ಡ್ ಮಾತ್ರೆಯನ್ನು ಪೂರ್ತಿ ಬಿಟ್ಟರು. ಆ ಚುಚ್ಚುಮದ್ದಿನ ಬೆಲೆ ನಮ್ಮ ಹೆಚ್ಚಿನವರ ಕೈಗೆಟುಕದು. ನಿಧಾನವಾಗಿ, ಗ್ರಂಥಿಯನ್ನು ಗಮನಿಸುತ್ತ ಇಳಿಸುವ ವಿಧಾನ ಮಾತ್ರ ಎಲ್ಲರ ಕೈಗೂ ಎಟುಕುತ್ತದೆ.

ಒಂದು ಔಷಧದ ಅಡ್ಡಪರಿಣಾಮವನ್ನು ಹೊಸ ರೋಗವೆಂದು ತಿಳಿದು ಇನ್ನೊಂದು ಔಷಧ ಬರೆಯುವ ಸರಪಳಿಯನ್ನೂ ಮರುಪರಿಶೀಲನೆ ಹುಡುಕಬೇಕು. ಬಿಪಿಗೆ ಕೊಡುವ ಎನಲಪ್ರಿಲ್, ರಾಮಿಪ್ರಿಲ್ ಗುಂಪಿನ ಮಾತ್ರೆಗಳು ಕೆಲವರಲ್ಲಿ ಬಿಡದ ಒಣಕೆಮ್ಮು ತರುತ್ತವೆ. ಆ ಕೆಮ್ಮಿಗೆ ಸಿರಪ್, ಸಿರಪ್ ಸಾಲದೆ ಇನ್ಹೇಲರ್. ಗ್ಲಾಕೊಮಾಕ್ಕೆ ಹಾಕುವ ಟಿಮೊಲಾಲ್ ಕಣ್ಣಿನ ಹನಿ ಅಸ್ತಮಾ ಕೆರಳಿಸುತ್ತದೆ; ಕಣ್ಣಿನ ವೈದ್ಯರ ಚೀಟಿಯನ್ನು ಎದೆಯ ವೈದ್ಯರು ನೋಡಿರುವುದಿಲ್ಲ. ಮೂಗಿಗೆಂದು ಕೊಟ್ಟ ಮಂಪರು ಬರಿಸುವ ಅಲರ್ಜಿ ಮಾತ್ರೆ ಮತ್ತು ಶ್ವಾಸನಾಳ ಹಿಗ್ಗಿಸುವ ಟಯೊಟ್ರೋಪಿಯಂ ಇನ್ಹೇಲರ್ ಎರಡೂ ಸೇರಿದರೆ ವಯಸ್ಸಾದ ಗಂಡಸರಲ್ಲಿ ಮೂತ್ರ ಕಟ್ಟಬಹುದು. ಎದೆಯುರಿಯ ಲಕ್ಷಣವೇ ಇಲ್ಲದ ಅಸ್ತಮಾ ರೋಗಿಗಳಿಗೆ ಆಮ್ಲ ತಗ್ಗಿಸುವ ಎಸೊಮೆಪ್ರಜೋಲ್ ಕೊಟ್ಟರೆ ಅಸ್ತಮಾ ಸುಧಾರಿಸುವುದಿಲ್ಲ ಎಂದು 412 ಜನರ ಅಮೆರಿಕನ್ ಪ್ರಯೋಗ 2009ರಲ್ಲೇ ತೋರಿಸಿತು. ಇನ್ನೊಂದು ತುದಿಯಲ್ಲಿ, ಇನ್ಹೇಲರ್ ಹಿಡಿಯುವ ಕ್ರಮವೇ ತಪ್ಪಾಗಿ ಔಷಧವೆಲ್ಲ ಗಂಟಲಿನಲ್ಲೇ ಉಳಿಯುತ್ತಿರುವಾಗ, ಔಷಧ ಸಾಲದೆಂದು ತಿಳಿದು ಮತ್ತೊಂದನ್ನು ಸೇರಿಸುವುದು ಅತಿ ಸಾಮಾನ್ಯ. ಹೊಸದನ್ನು ಬರೆಯುವ ಮುಂಚೆ ರೋಗಿಯ ಕೈಗೆ ಪಂಪು ಕೊಟ್ಟು ಸೇದಿಸಿ ನೋಡುವುದಕ್ಕೆ ಯಾವ ಖರ್ಚೂ ಇಲ್ಲ.

ಮರುಪರಿಶೀಲನೆ ಎಂದರೆ ತೆಗೆಯುವುದಷ್ಟೇ ಅಲ್ಲ, ಇರಬೇಕಾಗಿದ್ದೂ ಇಲ್ಲದಿರುವುದನ್ನು ಕಾಣುವುದು ಕೂಡ. ದಮ್ಮು ಇದೆಯೆಂಬ ಕಾರಣಕ್ಕೆ ಹೃದಯ ವೈಫಲ್ಯದ ರೋಗಿಗೆ ಬಿಸೊಪ್ರೊಲಾಲಿನಂಥ ಹೃದಯಕ್ಕೆ ಮೀಸಲಾದ ಬೀಟಾ ಬ್ಲಾಕರನ್ನು ನಿರಾಕರಿಸುವುದು ಇನ್ನೂ ನಡೆಯುತ್ತದೆ. ಸಿಒಪಿಡಿಯಲ್ಲಿ ಅದನ್ನು ಹೃದಯದ ಕಾರಣಕ್ಕೆ ಎಚ್ಚರದಿಂದ ಕೊಡಬಹುದು. ಫ್ಲೂ ಮತ್ತು ನ್ಯುಮೊಕಾಕಲ್ ಲಸಿಕೆ, ತಂಬಾಕು ಬಿಡಿಸುವ ನೆರವು, ಉಸಿರಾಟದ ವ್ಯಾಯಾಮ ಯಾವ ಚೀಟಿಯಲ್ಲೂ ಕಾಣುವುದಿಲ್ಲ.

ಇದನ್ನೆಲ್ಲ ಮಾಡಲು ಸಮಯ ಯಾರಿಗಿದೆ ಎಂಬ ಆಕ್ಷೇಪಕ್ಕೆ ನನ್ನ ಪೂರ್ಣ ಸಹಾನುಭೂತಿಯಿದೆ. ಬೆಳಗಿನಿಂದ ಸಾಲುಗಟ್ಟಿ ನಿಂತ ಹೊರರೋಗಿಗಳ ನಡುವೆ ಹನ್ನೆರಡು ಔಷಧಗಳ ಇತಿಹಾಸ ಕೆದಕುವುದು ಸರ್ಕಾರಿ ವೈದ್ಯರಿಂದ ಆಗದ ಮಾತು. ಮೊದಲಿನಂತೆಯೇ ಬರೆದುಕೊಡುವುದಕ್ಕೆ ಅರ್ಧ ನಿಮಿಷ ಸಾಕು, ಬಿಡಿಸುವುದಕ್ಕೆ ಅರ್ಧ ಗಂಟೆ ಬೇಕು. ಬಿಡಿಸಿದ ಮೇಲೆ ರೋಗಿಗೆ ಏನಾದರೂ ಆದರೆ ದೂರು ಬರುವುದು ಬಿಡಿಸಿದವರ ಮೇಲೆಯೇ. ಆದರೆ ಈ ಕೆಲಸಕ್ಕೆ ತರಬೇತಾದವರು ನಮ್ಮಲ್ಲೇ ಇದ್ದಾರೆ. ಔಷಧ ಚಿಕಿತ್ಸೆಯ ಪರಿಶೀಲನೆಯನ್ನೇ ಕಲಿಸುವ ಆರು ವರ್ಷಗಳ ಫಾರ್ಮ್ ಡಿ ಪದವಿ ಭಾರತದಲ್ಲಿ 2008ರಲ್ಲಿ ಶುರುವಾಯಿತು. ಆಸ್ಪತ್ರೆಯ ವಾರ್ಡಿಗೆ ಫಾರ್ಮಸಿಸ್ಟರನ್ನು ಕಳಿಸುವ ಪದ್ಧತಿಯಲ್ಲಿ ಮೈಸೂರು ಅದಕ್ಕೂ ಮುಂಚಿನಿಂದಲೇ ದೇಶದಲ್ಲಿ ಮುಂಚೂಣಿಯಲ್ಲಿದೆ. ಇವರನ್ನು ಜಿಲ್ಲಾ ಮತ್ತು ತಾಲ್ಲೂಕು ಆಸ್ಪತ್ರೆಗಳಲ್ಲಿ ನೇಮಿಸಿ, ಐದಕ್ಕಿಂತ ಹೆಚ್ಚು ಔಷಧ ಇರುವ ಶ್ವಾಸರೋಗಿಯ ಚೀಟಿಯನ್ನು ವರ್ಷಕ್ಕೊಮ್ಮೆಯಾದರೂ ಇವರು ಪರಿಶೀಲಿಸಿ ವೈದ್ಯರ ಮುಂದಿಡುವ ವ್ಯವಸ್ಥೆ ಮಾಡಿದರೆ ವೈದ್ಯರ ಅರ್ಧ ಗಂಟೆ ಐದು ನಿಮಿಷಕ್ಕೆ ಇಳಿಯುತ್ತದೆ. ಇದಕ್ಕೆ ಹೊಸ ತಂತ್ರಜ್ಞಾನ ಬೇಕಿಲ್ಲ, ಹುದ್ದೆಗಳು ಬೇಕು.

ಕಡಿತದ ಮಾತನ್ನು ಜನರೆದುರು ಆಡುವುದೇ ಅಪಾಯ, ಕೇಳಿದವರು ಎಲ್ಲವನ್ನೂ ಬಿಟ್ಟುಬಿಡುತ್ತಾರೆ ಎಂಬ ಆಕ್ಷೇಪ ಕೊನೆಯದು. ಜನ ಈಗಾಗಲೇ ಬಿಡುತ್ತಿದ್ದಾರೆ. ಯಾರಿಗೂ ಹೇಳದೆ, ಬಿಡಬಾರದ್ದನ್ನು ಬಿಡುತ್ತಿದ್ದಾರೆ. ಮುಚ್ಚಿಟ್ಟು ನಿಲ್ಲಿಸುವುದಕ್ಕಿಂತ ವೈದ್ಯರೊಡನೆ ಮಾತಾಡಿ ಇಳಿಸುವುದು ಎಲ್ಲ ರೀತಿಯಲ್ಲೂ ಸುರಕ್ಷಿತ. ಆ ಮಾತು ಹೀಗೆ ನಡೆಯಬೇಕು: ಒಂದು ಸಲಕ್ಕೆ ಒಂದೇ ಔಷಧ ಇಳಿಸಬೇಕು, ಯಾವ ದಿನದಿಂದ, ಎಷ್ಟು, ಏನಾದರೆ ಮರಳಿ ಶುರುಮಾಡಬೇಕು ಎಂಬುದನ್ನು ಕನ್ನಡದಲ್ಲಿ ಚೀಟಿಯ ಮೇಲೆಯೇ ಬರೆದುಕೊಡಬೇಕು, ಚಳಿಗಾಲ ಅಥವಾ ಉಲ್ಬಣದ ನಡುವೆ ಈ ಕೆಲಸಕ್ಕೆ ಕೈಹಾಕಬಾರದು. ಅಸ್ತಮಾ ಇರುವವರು ಸ್ಟೀರಾಯ್ಡ್ ಇನ್ಹೇಲರನ್ನು, ಬಹುಕಾಲದಿಂದ ಸ್ಟೀರಾಯ್ಡ್ ಮಾತ್ರೆ ನುಂಗುತ್ತಿರುವವರು ಆ ಮಾತ್ರೆಯನ್ನು, ತಾವಾಗಿಯೇ ನಿಲ್ಲಿಸಬೇಡಿ. ಮುಂದಿನ ಸಲ ವೈದ್ಯರಲ್ಲಿಗೆ ಹೋಗುವಾಗ ಮನೆಯಲ್ಲಿರುವ ಎಲ್ಲ ಪಂಪು, ಮಾತ್ರೆ, ಸಿರಪ್, ಕಣ್ಣಿನ ಹನಿ, ಆಯುರ್ವೇದ ಪುಡಿಯನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಹೋಗಿ, ಒಂದೊಂದನ್ನೂ ತೋರಿಸಿ, ಇದು ಯಾವುದಕ್ಕೆ, ಎಲ್ಲಿಯವರೆಗೆ ಎಂದು ಕೇಳಿ.